ನೀರು ನಿಲ್ಲದ ಹುಲ್ಲು

ನನ್ನ ಮೊಮ್ಮಗಳ ಎಡಗಾಲಿನ ಹೆಬ್ಬೆರಳನ್ನು ನೆನೆದರೆ ನನಗೆ ಇವತ್ತಿಗೂ ಸಂತೋಷ ಉಕ್ಕಿ ಬರುತ್ತದೆ. ಬೇರೆ ಅಜ್ಜಿಯರು ಮೊಮ್ಮಕ್ಕಳ ಕಣ್ಣು ಚೆಂದ, ಮೂಗು ಚೆಂದ, ಜಡೆ ಚೆಂದ ಅಂತ ಹೇಳಿಕೊಳ್ಳುತ್ತಾರೆ. ನನಗೆ ಆ ಹೆಬ್ಬೆರಳು. ಮಗುವಿಗೆ ಎರಡು ವರ್ಷ ಆಗಿದ್ದಾಗ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಎಡಗಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಪೋಲಿಯೊ ಅಂದರು. ಮೂರು ವರ್ಷ ಆ ಕಾಲಿನಲ್ಲಿ ಒಂದು ನರವೂ ಮಿಸುಕಲಿಲ್ಲ. ಆಮೇಲೆ ಒಂದು ದಿನ, ನೀರಿನೊಳಗೆ, ಆ ಹೆಬ್ಬೆರಳು ಮೇಲಕ್ಕೆದ್ದು ಕೆಳಗಿಳಿಯಿತು. ನಾನು ಮೊದಲು ನೀರು ಅಲುಗಿದ್ದು ಅಂದುಕೊಂಡೆ. ಇನ್ನೊಂದು ಸಲ ಎತ್ತು ಮಗ ಅಂದೆ. ಎತ್ತಿದಳು. ಎಂಬತ್ತರ ದಶಕ ಹೊಸದಾಗಿ ಶುರುವಾಗಿದ್ದ ಕಾಲದ ಮಾತು. ಅವತ್ತು ಯಾರು ಯಾರಿಗೆ ಹೇಳಿದೆನೋ ನನಗೇ ನೆನಪಿಲ್ಲ. ದಾರಿಯಲ್ಲಿ ಸಿಕ್ಕಿದ ಹಾಲಿನವನಿಗೂ ಹೇಳಿದೆ, ಅವನು ಗಾಬರಿಯಿಂದ ಸೈಕಲ್ ಇಳಿದು ನಿಂತ.

ಆ ನೀರು ಇದ್ದದ್ದು ನಮ್ಮ ಎಸ್ಟೇಟಿನ ಬಂಗಲೆಯ ಹಿತ್ತಲಿನಲ್ಲಿ. ಹೆತ್ತೂರಿನ ಕಡೆಯ ಕಾಫಿ ಎಸ್ಟೇಟು ಅದು. ಸಾವ್ಕಾರ್ರು ಮಂಗಳೂರು ಮೂಲದ ಕ್ರಿಶ್ಚಿಯನ್ನರು, ಅವರ ತಾತನ ಕಾಲಕ್ಕೇ ಘಟ್ಟ ಹತ್ತಿ ಬಂದವರು. ಅವರ ಹೆಂಡತಿಯನ್ನು ನಾವೆಲ್ಲ ಬಾಯಮ್ಮ ಅನ್ನುತ್ತಿದ್ದೆವು. ಹಿತ್ತಲಿನಲ್ಲಿ ಹಳೆಯ ಪಲ್ಪರ್ ಮನೆ ಇತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಜಾಗ. ಹಳ್ಳದ ಪಕ್ಕದಲ್ಲಿ ಹೊಸದು ಕಟ್ಟಿಸಿದ ಮೇಲೆ ಇಲ್ಲಿನ ಯಂತ್ರ ಎತ್ತಿಸಿ, ಬೀಜ ತೊಳೆಯುತ್ತಿದ್ದ ದೊಡ್ಡ ತೊಟ್ಟಿಯನ್ನು ಬಾಯಮ್ಮ ಕೆರೆಸಿ, ಸಿಮೆಂಟ್ ಬಳಿಸಿ, ನೀಲಿ ಬಣ್ಣ ಹೊಡೆಸಿದರು. ಬೇಸಿಗೆ ರಜೆಗೆ ಬೋರ್ಡಿಂಗಿನಿಂದ ಬರುವ ಅವರ ಮಕ್ಕಳು ಈಜಾಡಲಿ ಅಂತ. ತೊಟ್ಟಿಯ ಮೇಲೆ ಹಳೆಯ ತಗಡಿನ ಮಾಡು ಹಾಗೇ ಉಳಿಯಿತು. ಸುತ್ತಲೂ ಬಯಲು.

ನಾನು ಕುಂದೂರು ಕಡೆಯ ಬೇಸಾಯದ ಮನೆಯವಳು. ಯಜಮಾನರ ಜೊತೆ ಈ ಎಸ್ಟೇಟಿಗೆ ಬಂದೆ, ಅವರು ಹೋದ ಮೇಲೂ ಇಲ್ಲೇ ಉಳಿದೆ. ಮಗಳು ಅಳಿಯ ತೋಟದ ಕೆಲಸಕ್ಕೆ ಹೋಗುತ್ತಿದ್ದರು, ಮಗು ಹಗಲೆಲ್ಲ ನನ್ನ ಸೊಂಟದ ಮೇಲೆ. ನನ್ನ ಕೆಲಸ ಕಾಫಿ ಕಣ. ಆಗಿನ್ನೂ ನಮ್ಮಲ್ಲಿ ಸಿಮೆಂಟ್ ಕಣ ಅರ್ಧ, ಮಣ್ಣಿನ ಕಣ ಅರ್ಧ. ಹಣ್ಣು ಕುಯ್ಯುವುದಕ್ಕೆ ಮೊದಲು ಮಣ್ಣಿನ ಕಣವನ್ನು ಕೆತ್ತಿ, ಮಟ್ಟ ಮಾಡಿ, ದಿಮ್ಮಸು ಹೊಡೆದು, ಸಗಣಿ ಸಾರಿಸಬೇಕು. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ, ಹಾಗೆ ಮೂರು. ನಾನು ಸಾರಿಸಿದ ಕಣದ ಮೇಲೆ ಬೆಳಗ್ಗೆ ಒಂದು ಚೊಂಬು ನೀರು ಹುಯ್ದರೆ ಮಧ್ಯಾಹ್ನದವರೆಗೆ ಕನ್ನಡಿಯ ಹಾಗೆ ಅಲ್ಲೇ ನಿಂತಿರುತ್ತಿತ್ತು. ಕೆಳಗಿನ ಥಂಡಿ ಮೇಲೆ ಬರಬಾರದು, ಮೇಲಿನದು ಕೆಳಗೆ ಇಳಿಯಬಾರದು, ಆಗ ಕಾಫಿಗೆ ಬೂಷ್ಟು ಹಿಡಿಯುವುದಿಲ್ಲ. ಪಕ್ಕದ ಎಸ್ಟೇಟಿನವರು ನನ್ನನ್ನು ಕಣ ಸಾರಿಸಲು ಕರೆದುಕೊಂಡು ಹೋಗುತ್ತಿದ್ದರು. ಈ ಮಾತನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಆದದ್ದಕ್ಕೆ ಇದೇ ಬೇರು.

ಹಾಸನದ ಡಾಕ್ಟರು ಕಾಲು ನೋಡಿ, ದಿನಾ ನೀರಿನೊಳಗೆ ಇಳಿಸಿ ಕಾಲು ಆಡಿಸಿ ಅಂದರು. ನೀರಿನಲ್ಲಿ ಕಾಲಿಗೆ ಭಾರ ಇರುವುದಿಲ್ಲ, ಸತ್ತ ಹಾಗೆ ಕಾಣುವ ನರವೂ ಪ್ರಯತ್ನ ಮಾಡುತ್ತದೆ. ಮೇಲಕ್ಕೆ ಬಂದ ಕೂಡಲೇ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ನಡೆಸಿ. ಎತ್ತಿಕೊಂಡೇ ಓಡಾಡಿಸಿದರೆ ಕಾಲು ಎತ್ತಿಸಿಕೊಳ್ಳುವುದನ್ನೇ ಕಲಿಯುತ್ತದೆ. ನಡುವೆ ನಾಲ್ಕಾರು ತಿಂಗಳು ಬಿಟ್ಟರೆ ಬಂದದ್ದೂ ಹೋಗುತ್ತದೆ. ಇಷ್ಟೂ ಮಾತನ್ನು ಬಾಯಮ್ಮನ ಹತ್ತಿರ ಒಪ್ಪಿಸಿದೆ. ಅವರು ತಲೆಯ ಮೇಲಿನ ಟವೆಲನ್ನು ಬಿಚ್ಚುತ್ತಲೇ, ನಾಳೆಯಿಂದ ನಮ್ಮ ತೊಟ್ಟಿಗೇ ಕರೆದುಕೊಂಡು ಬಾ ಅಂದರು. ಎರಡು ಹಂಡೆ ಬಿಸಿನೀರು ಕಾಯಿಸಿ ಮೆಟ್ಟಿಲ ಹತ್ತಿರ ಸುರಿಸುತ್ತಿದ್ದರು, ಮಗುವಿಗೆ ಚಳಿಯಾಗಬಾರದು ಅಂತ. ಹೀಗೆ ಒಂದು ತಿಂಗಳು ಕಳೆಯುವುದರೊಳಗೆ ಹೆಬ್ಬೆರಳು ಅಲುಗಿದ್ದು.

ಅಲುಗಿ ಎರಡು ವಾರಕ್ಕೆ ನಾನು ಬಿದ್ದೆ.

ತೊಟ್ಟಿಯ ಸುತ್ತ ಹಳೆಯ ಗಾರೆ ನೆಲ. ಇಷ್ಟು ವರ್ಷ ಕಾಫಿಯ ಲೋಳೆ ಕುಡಿದ ನೆಲ ಅದು. ಮಾಡಿನ ನೆರಳಿಗೆ, ಮಕ್ಕಳು ಚೆಲ್ಲುವ ನೀರಿಗೆ ಪಾಚಿ ಕಟ್ಟುತ್ತಿತ್ತು. ಉಜ್ಜಿದರೆ ಎರಡು ದಿನ, ಮೂರನೆಯ ದಿನ ಮತ್ತೆ. ಮಗುವನ್ನು ಎತ್ತಿಕೊಂಡು ಮೆಟ್ಟಿಲ ಕಡೆ ಹೋಗುತ್ತಿದ್ದವಳು ಜಾರಿದೆ. ನನ್ನ ಮೊಣಕೈ ಹೋಯಿತು, ಅದು ಹೋಗಲಿ. ಮಗುವಿನ ಗದ್ದ ತೊಟ್ಟಿಯ ಅಂಚಿಗೆ ಹೊಡೆದು ಸೀಳಿತು. ನೀಲಿ ಬಣ್ಣದ ಮೇಲೆ ರಕ್ತ. ಸಾವ್ಕಾರ್ರು ಊಟದ ಕೈಯಲ್ಲೇ ಓಡಿಬಂದು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಲಿಗೆ ಹಾಕಿಸಿಕೊಂಡು ಬಂದ ಮಗು ಬಂಗಲೆಯ ಹಿತ್ತಲ ಬಾಗಿಲು ಕಂಡರೇ ನನ್ನ ಕುತ್ತಿಗೆ ಬಿಗಿಯಾಗಿ ಹಿಡಿಯತೊಡಗಿತು.

ಮೂರನೆಯ ದಿನ ಎರಡು ಗಾಡಿ ಕೆಮ್ಮಣ್ಣು ಬಂದು ಹಿತ್ತಲ ಮೂಲೆಯಲ್ಲಿ ಬಿತ್ತು. ತೊಟ್ಟಿ ಮುಚ್ಚಿಸಲು. ಸಾವ್ಕಾರ್ರು ಕೆಟ್ಟವರಲ್ಲ, ಹೆದರಿದ್ದರು. ನಾನು ಮಣ್ಣಿನ ರಾಶಿಯ ಹತ್ತಿರವೇ ಹೋಗಿ ನಿಂತೆ.

"ಮಗೂಗೆ ನಾಳೆ ಇನ್ನೊಂದಾದ್ರೆ ನಿನ್ ಮುಖ ಹೆಂಗಜ್ಜಿ ನೋಡ್ಲಿ ನಾನು? ಬೇಸಿಗೇಲೇ ಹಿಂಗೆ. ಮಳೆ ಹಿಡಿದ್ರೆ ಮಾಡಿನ್ ನೀರೆಲ್ಲ ಅಲ್ಲೇ ಬೀಳ್ತದೆ, ಐದು ತಿಂಗ್ಳು ಪಾಚಿ. ಬ್ಯಾಡ, ಮುಚ್ಚಿಸ್ಬುಡ್ತೀನಿ."

"ಮಳೆ ಹಿಡಿಯೋಗಂಟ ಬುಡಿ ಸಾವ್ಕಾರ್ರೆ," ಅಂದೆ. "ಅಷ್ಟ್ರೊಳ್ಗೆ ಜಾರದಂಗೆ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಈ ಮಣ್ಣ ನಾನೇ ಬುಟ್ಟೀಲಿ ಹೊತ್ತು ತೊಟ್ಟೀಗೆ ಹಾಕ್ತೀನಿ."

ಆಗಲಿ, ಮಳೆ ಹಿಡಿಯುವವರೆಗೆ ಅಂದರು. ಗೋಣಿಚೀಲ ಹಾಸಿ ನೋಡಿದೆ, ನಾಲ್ಕು ದಿನಕ್ಕೆ ಅದೂ ಲೋಳೆಲೋಳೆ. ಗಾರೆಯ ಮೇಲೆ ಮಣ್ಣು ಹರಡಿ ಗರಿಕೆ ತಂದು ನೆಟ್ಟೆ. ನೆರಳಿಗೆ ಹಳದಿಯಾಗಿ ಮಲಗಿಬಿಟ್ಟಿತು.

ಹುಲ್ಲು ಹೊಳೆದದ್ದು ಬಾಯಮ್ಮನಿಗೆ. ಅವರ ತಮ್ಮ ಗಲ್ಫಿನಲ್ಲಿ ದೊಡ್ಡ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿ ಈಜುಕೊಳದ ಸುತ್ತ ಪ್ಲಾಸ್ಟಿಕ್ ಹುಲ್ಲು ಹಾಸಿ, ಮಿಕ್ಕ ಎರಡು ಸುರುಳಿಯನ್ನು ಹಿಂದಿನ ವರ್ಷ ಊರಿಗೆ ಬರುವಾಗ ತಂದು ಅಕ್ಕನ ಅಟ್ಟದ ಮೇಲೆ ಇಟ್ಟು ಹೋಗಿದ್ದರು. ಯಾಕೆ ತಂದರೋ ಅವರಿಗೇ ಗೊತ್ತಿರಲಿಲ್ಲ, ಗಲ್ಫಿನಿಂದ ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಅಷ್ಟೆ. ಸುರುಳಿ ಬಿಚ್ಚಿ ಅಂಗಳದಲ್ಲಿ ಹರಡಿದಾಗ ಕೂಲಿ ಲೈನಿನ ಮನೆಗಳ ಹೆಂಗಸರೆಲ್ಲ ಬಂದು ಸುತ್ತ ಕೂತು ಕಿತ್ತು ನೋಡಿದರು. ಕೀಳಲು ಬರಲಿಲ್ಲ. ಅಷ್ಟು ಹಸಿರು ನಮ್ಮ ಘಟ್ಟದಲ್ಲೇ ಇಲ್ಲ. ಬಂಗಲೆಯ ಹಸುವೊಂದು ಹಗ್ಗ ಬಿಡಿಸಿಕೊಂಡು ಬಂದು ಒಂದು ಬಾಯಿ ಹಾಕಿ, ಅಗಿದು, ನಿಲ್ಲಿಸಿ, ನಮ್ಮನ್ನೆಲ್ಲ ಒಂದು ಸಲ ನೋಡಿ ಹೊರಟುಹೋಯಿತು. ಎಸ್ಟೇಟಿನ ರೈಟರ್, ಅಂದರೆ ಲೆಕ್ಕ ಬರೆಯುವವರು, ನಾಲಿಗೆ ಸುಮ್ಮನಿಡುವ ಮನುಷ್ಯ ಅಲ್ಲ.

"ಅಜ್ಜಿ, ಇದ್ಕೆ ಗೊಬ್ಬರ ಯಾವಾಗ್ ಹಾಕ್ತೀಯಾ? ಈಗ್ಲೇ ಹೇಳ್ಬುಡು, ಗಾಡಿ ಕಳಿಸ್ತೀನಿ."

ನಾನು ನಗಲಿಲ್ಲ. ಬಾಯಮ್ಮ ತಮ್ಮನಿಗೆ ಕಾಗದ ಬರೆದು ಹಾಸುವ ಕ್ರಮ ಕೇಳಿದ್ದರು. ಉತ್ತರ ಬಂದ ದಿನ ನನ್ನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಓದಿ ಹೇಳಿದರು.

"ಇದು ನೀರು ಕುಡಿಯುವ ಹುಲ್ಲಲ್ಲ ಮಾರಾಯ್ತಿ. ಮೇಲೆ ಬಿದ್ದ ನೀರಿಗೆ ಅಡಿಯಲ್ಲಿ ದಾರಿ ಉಂಟಾದರೆ ಮಾತ್ರ ಇದು ಹುಲ್ಲು. ಇಲ್ಲದಿದ್ದರೆ ಒದ್ದೆ ಕಂಬಳಿ ಹಾಸಿದ ಹಾಗೆ."

ಕಾಗದದಲ್ಲಿ ಇದ್ದದ್ದನ್ನು ಎರಡು ಸಲ ಓದಿಸಿಕೊಂಡೆ, ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಹಳೆಯ ನೆಲ ಒಡೆದು ತೆಗೆಯಬೇಕು. ಒಂದೂವರೆ ಗೇಣು ಅಗೆಯಬೇಕು. ತಳವನ್ನು ತೊಟ್ಟಿಯಿಂದ ಆಚೆಗೆ ವಾಟ ಕೊಟ್ಟು ಇಳಿಸಬೇಕು, ನೀರು ತೊಟ್ಟಿಯ ಬುಡಕ್ಕೆ ಹೋಗಬಾರದು. ಅಂಚಿನಲ್ಲಿ ಕಾಲುವೆ ತೆಗೆದು ತಗ್ಗಿಗೆ ಬಿಡಬೇಕು. ಅಗೆದಲ್ಲಿ ಮೊದಲು ಮುಷ್ಟಿಗಾತ್ರದ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ತೊಳೆದ ದಪ್ಪ ಮರಳು. ಹುಲ್ಲಿನ ಬೆನ್ನಿಗೆ ತೂತು ಕಡಿಮೆ ಇದ್ದರೆ ಇನ್ನಷ್ಟು ತೂತು ಹಾಕಬೇಕು.

ಕಾಲುವೆ ತೆಗೆಯುವುದು ನಮಗೆ ಹೊಸದಲ್ಲ. ಕಾಫಿ ಗಿಡದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ ಪ್ರತಿ ವರ್ಷ ತೋಟದ ತಗ್ಗಿನಲ್ಲಿ ಬಸಿಗಾಲುವೆ ತೆಗೆಯುತ್ತಲೇ ಇರುತ್ತೇವೆ. ಗಾರೆ ಒಡೆಯಲು ಅಳಿಯ ಎರಡು ಸಂಜೆ ಬಂದ. ಮಿಕ್ಕದ್ದು ನಾನು. ಕಣದ ಕೆಲಸ ಮುಗಿದಿತ್ತು, ಬೇಸಿಗೆಯ ಕೈ ಖಾಲಿ. ಬೆಳಗ್ಗೆ ಮಗುವನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಅಗೆಯಲು ಶುರು ಮಾಡಿದರೆ, ಅದು ದೂರದಿಂದಲೇ ಮಣ್ಣಿನಲ್ಲಿ ಸಿಕ್ಕಿದ ಎರೆಹುಳ ಎಣಿಸುತ್ತಿತ್ತು. ತೊಟ್ಟಿಯ ಕಡೆಗೆ ಬೆನ್ನು ಮಾಡಿಯೇ ಕೂರುತ್ತಿತ್ತು. ಆ ಬೆನ್ನನ್ನು ನೋಡಿದಾಗಲೆಲ್ಲ ನನ್ನ ಗುದ್ದಲಿ ಇನ್ನೂ ಎರಡು ಬೆರಳು ಆಳಕ್ಕೆ ಹೋಗುತ್ತಿತ್ತು.

ಜಲ್ಲಿಯನ್ನು ನಾನೇ ಕುಟ್ಟಿದೆ. ಮರಳನ್ನು ಹಳ್ಳದಿಂದ ಹೊತ್ತೆ. ಸಂತೆಯ ದಿನ ಲೈನಿನ ನಾಲ್ಕು ಹೆಂಗಸರು ಸಂತೆ ಬಿಟ್ಟು ಬಂದು ಬುಟ್ಟಿ ಹಿಡಿದರು. ಹುಲ್ಲಿನ ಬೆನ್ನಿಗೆ ತೂತು ಹಾಕಲು ಹಳೆಯ ಕೊಡೆಯ ಕಡ್ಡಿಗಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಗೇಣಿಗೊಂದರಂತೆ ಚುಚ್ಚಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಮೂರು ದಿನ ಅನ್ನ ಸೇರಲಿಲ್ಲ. ಎರಡು ಸುರುಳಿಯ ಅಂಚು ಸೇರಿಸಿ ದಬ್ಬಣದಲ್ಲಿ ಹೊಲಿದೆ. ಕಾಫಿ ಮೂಟೆ ಹೊಲಿದ ಕೈಗೆ ಅದೇನು ದೊಡ್ಡದಲ್ಲ, ಸುತಳಿ ಕೊಳೆಯುತ್ತದೆ ಅಂತ ಬಾಯಮ್ಮ ನೈಲಾನ್ ದಾರ ತರಿಸಿಕೊಟ್ಟರು.

ಮರಳು ಹಾಕಿ ಮುಗಿದ ದಿನ ಒಂದು ಕೊಡ ನೀರು ಹುಯ್ದು ನೋಡಿದೆ. ಗುಳುಕ್ ಅಂತ ಹೋಯಿತು. ಇನ್ನೊಂದು ಕೊಡ. ಅದೂ ಹೋಯಿತು. ಕಾಲುವೆಯ ಬಾಯಿಗೆ ಓಡಿ ನೋಡಿದರೆ ಅಲ್ಲಿ ತಣ್ಣಗೆ ಇಳಿಯುತ್ತಿದೆ. ಬೆಂಚಿನ ಮೇಲಿದ್ದ ಮಗುವನ್ನು ಎತ್ತಿಕೊಂಡು ಎರಡು ಸುತ್ತು ತಿರುಗಿದೆ. ಸಂತೋಷ ಬಂದರೆ ನನಗೆ ತಡೆದುಕೊಳ್ಳುವ ಅಭ್ಯಾಸ ಇಲ್ಲ. ಆ ಸಂತೋಷದಲ್ಲಿಯೇ ಅವತ್ತು ಸಂಜೆ ನಾನು ಆ ಕೆಲಸ ಮಾಡಿದ್ದು.

ಹುಲ್ಲು ಹಾಸುವುದು ಮಾರನೆಯ ದಿನ ಅಂತ ಇತ್ತು. ಮರಳಿನ ನೆಲ ನನ್ನ ಕಣ್ಣಿಗೆ ಹಸಿಹಸಿಯಾಗಿ ಕಂಡಿತು. ಮಗುವಿನ ಅಂಗಾಲಿಗೆ ಒತ್ತುತ್ತದೇನೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಸಾರಿಸದ ನೆಲದ ಮೇಲೆ ಹೊಸದೇನನ್ನಾದರೂ ಹಾಸುವುದು ಅಂದರೆ ಏನು? ನಮ್ಮಲ್ಲಿ ಮದುವೆಯ ಚಾಪೆ ಹಾಸಲಿ, ರಾಗಿ ಹರಡಲಿ, ಸತ್ತವರನ್ನು ಮಲಗಿಸಲಿ, ಮೊದಲು ಸಾರಿಸುತ್ತೇವೆ. ಕೈಗೆ ಅದು ಹೇಳಿಕೊಡಬೇಕಾಗಿಲ್ಲ. ಕೊಟ್ಟಿಗೆಯಿಂದ ಮೂರು ಬುಟ್ಟಿ ಸಗಣಿ ತಂದು, ಕಲಸಿ, ನನ್ನ ಜನ್ಮದಲ್ಲಿ ಯಾವ ಕಣಕ್ಕೂ ಸಾರಿಸದಷ್ಟು ಅಚ್ಚುಕಟ್ಟಾಗಿ ಸಾರಿಸಿದೆ. ಬೆಳಗ್ಗೆ ಅದರ ಮೇಲೆ ಇನ್ನೊಂದು ಕೈ. ಮಗುವಿನ ಹೆಸರಿನಲ್ಲಿ ಒಂದು ರಂಗೋಲಿಯನ್ನೂ ಎಳೆದೆ. ಬೇಸಿಗೆಯ ಗಾಳಿಗೆ ಒಣಗಿ ಅದು ಡೋಲಿನ ಹಾಗೆ ಬಿಗಿಯಾಯಿತು. ಮಧ್ಯಾಹ್ನ ಹುಲ್ಲು ಹಾಸಿ, ಬೇಲಿ ತಂತಿ ಬಗ್ಗಿಸಿ ಮಾಡಿದ ಮೊಳೆ ಹೊಡೆದು ಅಂಚು ಕೂರಿಸಿದೆವು. ಬಾಯಮ್ಮ ಚಪ್ಪಲಿ ಬಿಟ್ಟು ಮೇಲೆ ನಡೆದು, ಎಷ್ಟು ಸಮ ಉಂಟು ಅಂದರು. ಯಾಕೆ ಸಮ ಅಂತ ನಾನು ಹೇಳಲಿಲ್ಲ. ಹೇಳುವುದಕ್ಕೆ ಅದರಲ್ಲಿ ಏನಿದೆ, ನೆಲ ಸಾರಿಸಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ವಾರದೊಳಗೆ ಗುಡುಗಿನ ಮಳೆ ಒಂದು ಬಿತ್ತು. ಒಂದು ಗಂಟೆ ಹೊಡೆದು ನಿಂತಿತು. ಬೆಳಗ್ಗೆ ಹೋಗಿ ನೋಡುತ್ತೇನೆ, ತೊಟ್ಟಿಯ ಸುತ್ತ ಇನ್ನೊಂದು ತೊಟ್ಟಿ. ಹುಲ್ಲು ಮೊಳೆ ಕಿತ್ತುಕೊಂಡು ತೇಲುತ್ತಿದೆ, ಮೇಲೆ ಕಪ್ಪೆಯೊಂದು ಕೂತಿದೆ. ಕಾಲಿಟ್ಟರೆ ಹಳೆಯ ಪಾಚಿಗಿಂತ ಹೆಚ್ಚು ಜಾರು.

ರೈಟರ್ ಬಂದು ನಿಂತು, ಇಷ್ಟು ನೀರಿದ್ದರೆ ಭತ್ತ ನಾಟಿ ಮಾಡಬಹುದಲ್ಲ ಅಂದರು. ಸಾವ್ಕಾರ್ರು ಮಣ್ಣಿನ ರಾಶಿಯನ್ನು ಒಮ್ಮೆ ನೋಡಿದರು. ಬಾಯಮ್ಮನಿಗೆ ತಮ್ಮನ ಮೇಲೆ ಸಿಟ್ಟು, ಕೆಟ್ಟ ಮಾಲು ತಂದಿದ್ದಾನೆ, ತೂತು ಸಾಲದು ಅಂತ. ನಾನು ಮಗುವನ್ನು ಮಗಳ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ ಇಳಿದೆ. ಹುಲ್ಲನ್ನು ಒಂದು ಮೂಲೆಯಲ್ಲಿ ಮಗುಚಿದೆ. ಕೆಳಗೆ ನನ್ನ ರಂಗೋಲಿಯ ಒಂದು ಎಳೆ ಇನ್ನೂ ಕಾಣುತ್ತಿತ್ತು. ಅಲ್ಲೇ ಕೈಗುದ್ದಲಿ ಊರಿದೆ. ಗಟ್ಟಿ ಹಪ್ಪಳ ಮುರಿದ ಹಾಗೆ ಮುರಿಯಿತು, ನಿಂತ ನೀರೆಲ್ಲ ಆ ತೂತಿನ ಕಡೆಗೆ ತಿರುಗಿ ಸುಳಿ ಹಾಕುತ್ತಾ ಇಳಿಯತೊಡಗಿತು. ನೀರು ಸಾಕಷ್ಟು ಇಳಿದ ಮೇಲೆ ಒಂದು ಮಾರು ಆಚೆ ಇನ್ನೊಂದು ಕಡೆ ಕೆದಕಿ ಕೈ ಹಾಕಿದೆ. ಸಗಣಿಯ ಕೆಳಗೆ ಮರಳು ಒಣಗಿತ್ತು. ಅಷ್ಟು ಮಳೆ ಬಿದ್ದಿದೆ, ಕೆಳಗೆ ಒಂದು ಹನಿ ಇಲ್ಲ.

ಒಣ ಮರಳನ್ನು ಮುಷ್ಟಿಯಲ್ಲಿ ಹಿಡಿದು ಮೇಲೆದ್ದೆ. ಮಾಲು ಕೆಟ್ಟದು ಅಂತ ಸುಮ್ಮನಿರಬಹುದಿತ್ತು, ಬಾಯಮ್ಮನೇ ಹೇಳಿ ಆಗಿತ್ತು. ಆದರೆ ಮಾಲು ಕೆಟ್ಟದು ಅಂತಾದರೆ ತೊಟ್ಟಿಗೆ ಮಣ್ಣು ಬೀಳುತ್ತದೆ. ತಪ್ಪು ನನ್ನದು ಅಂತಾದರೆ ಮಾತ್ರ ಅದನ್ನು ತಿದ್ದಬಹುದು.

"ಹುಲ್ಲಿಂದೇನೂ ತಪ್ಪಿಲ್ಲ ಬಾಯಮ್ಮ," ಅಂದೆ. "ನಾನೇ ಸಗಣಿ ಸಾರಿಸ್ಬುಟ್ಟೆ. ಕಣ ಮಾಡ್ದಂಗೆ ಮಾಡ್ಬುಟ್ಟಿದೀನಿ."

ರೈಟರ್ ಮೆಲ್ಲಗೆ, "ಗೊಬ್ಬರ ಹಾಕೇಬುಟ್ಯಲ್ಲಜ್ಜಿ," ಅಂದರು. ಸಾವ್ಕಾರ್ರು ಮುಖ ಆ ಕಡೆ ತಿರುಗಿಸಿಕೊಂಡರು, ಅವರ ಭುಜ ಕುಣಿಯುತ್ತಿತ್ತು. ಬಾಯಮ್ಮ ಸೆರಗು ಬಾಯಿಗೆ ಒತ್ತಿದರು. ಕೊನೆಗೆ ನನಗೂ ತಡೆಯಲಾಗಲಿಲ್ಲ. ಆ ಕೆಸರು ನೀರಿನ ಮಧ್ಯೆ ಸೊಂಟಕ್ಕೆ ಕೈಯಿಟ್ಟು ನಕ್ಕೆ. ನಕ್ಕು ಮುಗಿದ ಮೇಲೆ ಕೇಳಿದೆ, ಮಳೆ ಹಿಡಿಯಲು ಇನ್ನೂ ಮೂರು ವಾರ ಐತಲ್ಲ ಸಾವ್ಕಾರ್ರೆ. ಐತೆ ಅಂದರು.

ಎರಡನೆಯ ಸಲದ ಕೆಲಸ ಮೊದಲನೆಯದಕ್ಕಿಂತ ಕಷ್ಟ. ಸಗಣಿಯ ಪದರವನ್ನು ಎತ್ತಿದರೆ ಸಾಲದು, ನಾನು ಒಡೆದ ತೂತಿನಿಂದ ಇಳಿದ ಸಗಣಿ ನೀರು ಮರಳಿಗೆ, ಜಲ್ಲಿಯ ಸಂದಿಗೆ ಕೂತಿತ್ತು. ಎಲ್ಲವನ್ನೂ ಎತ್ತಿ ತೊಳೆಯಬೇಕು. ಬೆಳಗ್ಗೆ ಹೋದರೆ ಸ್ಟೋರಿನ ಬಾಗಿಲು ತೆಗೆದಿತ್ತು, ಕಾಫಿ ಗಾಳಿಸುವ ದೊಡ್ಡ ಜರಡಿಗಳೆರಡು ಹೊರಗೆ ಗೋಡೆಗೆ ಒರಗಿದ್ದವು. ಬೀಗದ ಕೈ ಇದ್ದದ್ದು ರೈಟರ ಹತ್ತಿರ. ಅವರು ಆ ಕಡೆ ತಿರುಗಿಯೂ ನೋಡದೆ ಹಾಜರಿ ಕೂಗುತ್ತಿದ್ದರು. ನಾನೂ ಏನೂ ಕೇಳದೆ ಜರಡಿ ಹೊತ್ತುಕೊಂಡು ಹಳ್ಳಕ್ಕೆ ಹೋದೆ.

ಬುಟ್ಟಿ ಬುಟ್ಟಿಯಾಗಿ ಜಲ್ಲಿ ಹೊತ್ತು, ಹರಿಯುವ ನೀರಿನಲ್ಲಿ ಜರಡಿ ಹಿಡಿದು ಅಲ್ಲಾಡಿಸಿ, ಹಸಿರು ನೀರು ಹೋಗಿ ಬಿಳಿ ನೀರು ಬರುವವರೆಗೆ ತೊಳೆದೆ. ಹತ್ತು ದಿನ. ಮೊಣಕೈಯ ಹಳೆಯ ಪೆಟ್ಟು ಊದಿಕೊಂಡಿತು, ಹರಳೆಣ್ಣೆ ಹಚ್ಚಿ ಎಕ್ಕದ ಎಲೆ ಕಟ್ಟಿದೆ. ಮಗಳು ಬೈದಳು. ನಿನಗೇನಾದರೂ ಆದರೆ ಮಗುವನ್ನು ನೋಡುವವರು ಯಾರು ಅಂದಳು. ಹೌದು, ಅದಕ್ಕೇ ಬೇಗ ಮುಗಿಸಬೇಕು ಅಂದೆ. ಮಗುವನ್ನು ಹಳ್ಳದ ಬಂಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಒಂದು ದಿನ ನೋಡುತ್ತೇನೆ, ತಾನಾಗಿಯೇ ಎಡಗಾಲನ್ನು ಕೈಯಿಂದ ಎತ್ತಿ ನೀರಿನೊಳಗೆ ಬಿಟ್ಟುಕೊಂಡಿದೆ. ಹೆಬ್ಬೆರಳು ಅಲುಗುತ್ತಿದೆಯೇ ಅಂತ ಬಗ್ಗಿದೆ. ಹಳ್ಳದ ಸೆಳೆತಕ್ಕೆ ತಿಳಿಯಲಿಲ್ಲ. ನೀರು ಬಿಟ್ಟು ಎಷ್ಟು ದಿನವಾಯಿತು ಅಂತ ಲೆಕ್ಕ ಹಾಕಿ, ಬುಟ್ಟಿಗೆ ಇನ್ನಷ್ಟು ಜಲ್ಲಿ ತುಂಬಿದೆ.

ಮತ್ತೆ ಕಲ್ಲು, ಮತ್ತೆ ಜಲ್ಲಿ, ಮತ್ತೆ ಮರಳು. ಈ ಸಲ ವಾಟವನ್ನು ಇನ್ನೂ ಒಂದು ಬೆರಳು ಹೆಚ್ಚಿಸಿದೆ, ಮಾಡಿನ ನೀರು ಧಾರೆ ಬೀಳುವ ಕಡೆ ಕಲ್ಲಿನ ಸಾಲನ್ನು ಎರಡು ಪಟ್ಟು ಹಾಕಿದೆ. ಹುಲ್ಲು ಹಾಸುವ ದಿನ ಲೈನಿನ ಹೆಂಗಸರು ಮತ್ತೆ ಬಂದರು. ಬರಿ ಮರಳು ನೋಡಿ ಅವರ ಮುಖ ಸಪ್ಪಗಾಯಿತು.

"ಹಂಗೇ ಹಾಸ್ತೀಯೇನಜ್ಜಿ, ಸಾರಿಸ್ದೆ?" ಅಂತ ಒಬ್ಬಳು ಕೇಳಿಯೇಬಿಟ್ಟಳು.

ನಿಜ ಹೇಳಬೇಕೆಂದರೆ ನನ್ನ ಕೈಯೂ ತುರಿಸುತ್ತಿತ್ತು. ತೊಟ್ಟಿಯ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲಿತ್ತು, ಹುಲ್ಲಿನ ಹೊರಗೆ, ಮಳೆಯೂ ಬೀಳದ ಮಾಡಿನ ಕೆಳಗೆ. ಆ ಒಂದು ಕಲ್ಲಿಗೆ ಅಂಗೈಯಗಲ ಸಗಣಿ ಸಾರಿಸಿ, ಮೇಲೆ ಒಂದು ಚಿಟಿಕೆ ಅರಿಶಿನ ಹಾಕಿದೆ. ಶಾಸ್ತ್ರ ಅಲ್ಲಿಗೆ ಮುಗಿಯಿತು. ಮಿಕ್ಕ ನೆಲವನ್ನು ಯಾರೂ ಮುಟ್ಟಕೂಡದು ಅಂತ ಹುಲ್ಲು ಹಾಸಿ ಮುಗಿಯುವವರೆಗೆ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ.

ಮಳೆ ಹಿಡಿಯಿತು. ಹೆತ್ತೂರಿನ ಕಡೆಯ ಮಳೆ ಅಂದರೆ ಬಂದು ಹೋಗುವುದಲ್ಲ, ಬಂದು ಕೂರುವುದು. ಮೊದಲನೆಯ ದಿನ ನಾನು ಹಿತ್ತಲಿಗೆ ಹೋಗಲಿಲ್ಲ. ಎರಡನೆಯ ದಿನವೂ ಹೋಗಲಿಲ್ಲ. ಅವಸರ ಮಾಡಿ ನೋಡಿ ಬೀಗುವುದು ಬೇಡ, ಪೂರಾ ನೆನೆಯಲಿ, ಕುಡಿಯುವಷ್ಟು ಕುಡಿಯಲಿ ಅಂತ. ಮೂರನೆಯ ದಿನ ಬೆಳಗ್ಗೆ ಮಗುವಿನ ತಲೆಗೆ ಕಂಬಳಿ ಕೊಪ್ಪೆ ಹಾಕಿ, ಸೊಂಟದ ಮೇಲೆ ಕೂರಿಸಿಕೊಂಡು ಹೋದೆ. ಬಾಯಮ್ಮ ಹಂಡೆಗೆ ಬೆಂಕಿ ಹಾಕಿದ್ದರು. ಸಾವ್ಕಾರ್ರು ಕೊಡೆ ಹಿಡಿದು ಆಗಲೇ ಅಲ್ಲಿ ನಿಂತಿದ್ದರು, ಪಕ್ಕದಲ್ಲಿ ರೈಟರ್.

ಮಾಡಿನಿಂದ ನೀರು ಧಾರೆಧಾರೆಯಾಗಿ ಹುಲ್ಲಿನ ಮೇಲೆ ಬೀಳುತ್ತಿತ್ತು. ಬಿದ್ದದ್ದು ಬಿದ್ದ ಹಾಗೆ ಮಾಯ. ಎಲ್ಲೂ ಒಂದು ಗುಳಿಯಲ್ಲಿ ನೀರಿಲ್ಲ. ಆಚೆ ಕಾಲುವೆಯಲ್ಲಿ ಮಾತ್ರ ಗಲಗಲ ಸದ್ದು. ಆದರೆ ಅದು ಅರ್ಧ ಕೆಲಸ. ಮಗುವನ್ನು ಕಲ್ಲುಬೆಂಚಿನ ಹತ್ತಿರ ಇಳಿಸಿದೆ. ಅದು ಬೆಂಚನ್ನು ತಬ್ಬಿಕೊಂಡಿತು.

"ಜಾರ್ತದೆ," ಅಂದಿತು.

"ಜಾರಲ್ಲ ಮಗ."

"ಅವತ್ತೂ ಜಾರಲ್ಲ ಅಂದಿದ್ದೆ."

ಅಂದಿದ್ದೆ, ನಿಜ. ಹಂಡೆಯ ಪಕ್ಕದ ಚೊಂಬಿನಲ್ಲಿ ನೀರು ತುಂಬಿ ಅದರ ಕೈಗೆ ಕೊಟ್ಟೆ.

"ನನ್ ಮಾತ್ ಬ್ಯಾಡ. ನೀನೇ ಹುಯ್ದು ನೋಡು. ನೀರು ನಿಂತ್ರೆ ಮನೆಗೋಗನ."

ಮಳೆಯಲ್ಲಿ ನಿಂತು ನೆಲಕ್ಕೆ ನೀರು ಹುಯ್ಯುವ ಮಗುವನ್ನು ನಾಲ್ಕು ಜನ ದೊಡ್ಡವರು ಸುತ್ತ ನಿಂತು ನೋಡಿದೆವು. ಹುಯ್ದಿತು. ಬಗ್ಗಿ ನೋಡಿತು. ಹುಲ್ಲನ್ನು ಬೆರಳಿನಿಂದ ಬಗೆದು ನೋಡಿತು. ಇನ್ನೊಂದು ಚೊಂಬು ಕೇಳಿತು. ಅದನ್ನೂ ಹುಯ್ದು, ನೀರು ಎಲ್ಲಿಗೆ ಹೋಯಿತು ಅಂತ ಕೇಳಿತು. ಕಾಲುವೆಯ ಕಡೆ ಕೈ ತೋರಿಸಿದೆ. ಆಮೇಲೆ ಚೊಂಬನ್ನು ಬೆಂಚಿನ ಮೇಲೆ ನೆಟ್ಟಗೆ ಇಟ್ಟು, ಒಂದು ಕೈಯಲ್ಲಿ ಬೆಂಚು ಹಿಡಿದು, ಬಲಗಾಲನ್ನಲ್ಲ, ಎಡಗಾಲನ್ನು ಮೊದಲು ಹುಲ್ಲಿನ ಮೇಲೆ ಇಟ್ಟಿತು. ನಾನು ಕೈ ಚಾಚಿದೆ. ಬೇಡ ಅನ್ನುವ ಹಾಗೆ ಕೊಪ್ಪೆ ಅಲ್ಲಾಡಿಸಿತು.

ಮನೆಯೊಳಗೆ ನಡೆಯುವ ಹಾಗೆ ಎಡತೊಡೆಗೆ ಕೈ ಊರಿಕೊಂಡು ಹೊರಟಿತು. ಎಡಗಾಲು ಎಳೆಯುತ್ತಿತ್ತು, ಬಲಗಾಲು ಕಾಯುತ್ತಿತ್ತು. ಹುಲ್ಲು ಅಂಗಾಲನ್ನು ಹಿಡಿದುಕೊಳ್ಳುತ್ತಿತ್ತು, ಅದು ನನ್ನ ಕಣ್ಣಿಗೇ ಕಾಣುತ್ತಿತ್ತು. ಆರನೆಯ ಹೆಜ್ಜೆಗೆ ವಾಲಿತು. ರೈಟರ್ ಅಯ್ಯೋ ಅಂದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ತಾನೇ ಸುಧಾರಿಸಿಕೊಂಡಿತು. ಬೆಂಚಿನಿಂದ ತೊಟ್ಟಿಯ ಮೆಟ್ಟಿಲಿಗೆ ಹದಿನಾಲ್ಕು ಹೆಜ್ಜೆ. ಹದಿನಾಲ್ಕನ್ನೂ ಎಣಿಸಿದ್ದೇನೆ. ಮೆಟ್ಟಿಲ ಕಂಬಿ ಹಿಡಿದು ಹಿಂದಕ್ಕೆ ತಿರುಗಿ, ಬಿಸಿನೀರು ಹಾಕಿದ್ದೀರಾ ಅಂತ ಬಾಯಮ್ಮನನ್ನು ಕೇಳಿತು. ಬಾಯಮ್ಮ ಅಳುತ್ತಾ ಹಂಡೆಯ ಕಡೆ ಓಡಿದರು.

ನಾನು ಅಳಲಿಲ್ಲ. ನನಗೆ ನಗು. ಹಲ್ಲು ಮುಚ್ಚಲಾಗದ ನಗು. ಅವತ್ತಿನಿಂದ ಆ ಮಳೆಗಾಲ ಪೂರ್ತಿ ಒಂದು ದಿನ ಬಿಡದೆ ನೀರಿಗೆ ಇಳಿದಳು. ಹೆಬ್ಬೆರಳಿನ ಹಿಂದೆ ಪಾದ ಬಂತು, ಪಾದದ ಹಿಂದೆ ಮಂಡಿ. ಕುಂಟು ಇಂದಿಗೂ ಸ್ವಲ್ಪ ಇದೆ, ಇರಲಿ. ಆ ಕುಂಟಿನಲ್ಲೇ ಅವಳು ನನಗಿಂತ ಬೇಗ ದಿಣ್ಣೆ ಹತ್ತುತ್ತಾಳೆ, ಹತ್ತಿ ಮೇಲಿಂದ ನನ್ನನ್ನು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ ಅಂತಲೇ ನಾನು ಇನ್ನಷ್ಟು ನಿಧಾನವಾಗಿ ಹತ್ತುತ್ತೇನೆ.

ಅವತ್ತು ಮಗು ನೀರಿನಲ್ಲಿ ಕಾಲು ಆಡಿಸುತ್ತಿದ್ದಾಗ ಸಾವ್ಕಾರ್ರು ಕೊಡೆ ಮಡಿಸಿ ಮಾಡಿನ ಕೆಳಗೆ ಬಂದರು. ಮೂಲೆಯ ಕೆಮ್ಮಣ್ಣಿನ ರಾಶಿ ಮಳೆಗೆ ಕರಗಿ ಕಾಲುವೆಯ ಕಡೆ ಹರಿದು ಬರಲು ಶುರುವಾಗಿತ್ತು.

"ಈ ಮಣ್ಣ ಇಲ್ಲಿಂದ ಎತ್ತಿಸ್ರೀ," ಅಂದರು ರೈಟರಿಗೆ. "ಅಜ್ಜಿ ಕಾಲ್ವೆ ಕಟ್ಕೊಂಡುಬುಡ್ತದೆ. ಕಾಫಿ ಸಸಿ ಪಾತೀಗೆ ಹಾಕ್ಸಿ."

ಅಜ್ಜಿ ಕಾಲುವೆ ಅಂದದ್ದು ನನ್ನ ಕಡೆ ನೋಡಿ. ಆಳು ಬರುವವರೆಗೆ ನಾನು ಕಾಯಲಿಲ್ಲ. ಮಗುವನ್ನು ಬಾಯಮ್ಮನ ಕೈಗೆ ಒಪ್ಪಿಸಿ ಬುಟ್ಟಿ ತಂದೆ. ಹೊತ್ತು ಹಾಕುತ್ತೇನೆ ಅಂತ ಮಾತು ಕೊಟ್ಟಿದ್ದೆನಲ್ಲ. ಮೊದಲನೆಯ ಬುಟ್ಟಿ ತುಂಬಿ, ತಲೆಗೆ ಸಿಂಬೆ ಇಟ್ಟು, ತೊಟ್ಟಿಯ ಪಕ್ಕದಲ್ಲೇ, ನೆನೆದ ಹುಲ್ಲಿನ ಮೇಲೆಯೇ ಹಾದು ಸಸಿ ಪಾತಿಯ ಕಡೆಗೆ ನಡೆದೆ. ಅಷ್ಟು ಭಾರ ಹೊತ್ತಿದ್ದರೂ ಕಾಲು ಜಾರಲಿಲ್ಲ.